ಗೋಲು ನಾವು, ಸೋಲು ಅವರು

"ನಿನ್ನೆ ರಾತ್ರಿ ನಾವು ಸೋತ್ಬಿಟ್ವಿ ಅಕ್ಕಾ," ಅಂತ ಕೊಟ್ರೇಶಿ ಮಂಡಕ್ಕಿ ಪ್ಲೇಟಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮೈಮೇಲೆ ಕೆಂಪು ಜೆರ್ಸಿ, ಬೆನ್ನ ಮೇಲೆ ಯಾರದೋ ಹೆಸರು.

ಗಿರಿಜಕ್ಕ ಮಿರ್ಚಿ ತೊಟ್ಟು ಮುರಿದು ಪಕ್ಕಕ್ಕಿಟ್ಟಳು. "ಯಾವ ವಾರ್ಡಿಗೆ ನಿಂತಿದ್ಯೋ?"

"ಎಲೆಕ್ಷನ್ ಅಲ್ಲಕ್ಕ, ಫುಟ್ಬಾಲ್! ಮ್ಯಾಂಚೆಸ್ಟರ್ ಯುನೈಟೆಡ್!"

"ಓ, ನೀನೂ ಆಡಿದ್ಯಾ? ಅದಕ್ಕೇ ಸೋತಿರ್ಬೇಕು."

ತಿಪ್ಪಣ್ಣ ಸಮಾಧಾನಕ್ಕೆ ಬಂದ. "ಬಿಡಮ್ಮ, ನಮ್ಮ ದಾವಣಗೆರೆನೂ ಕರ್ನಾಟಕದ ಮ್ಯಾಂಚೆಸ್ಟರ್ ತಾನೇ."

"ಹೂಂ. ಮಿಲ್ಲುಗಳು ಬಾಗಿಲು ಹಾಕಿದ್ವು, ಹೆಸರು ಉಳೀತು. ಅದನ್ನ ಇವನು ಅಂಗಿ ಮೇಲೆ ಹಾಕ್ಕೊಂಡು ತಿರುಗ್ತಾನೆ. ಅಲ್ಲಲೇ, 2024ರ ಮೇ ತಿಂಗಳಾಗೆ ನೀವು ಇಂಗ್ಲೆಂಡಿನ ಎಫ್‌ಎ ಕಪ್ ಗೆದ್ರಲ್ಲ?"

"ಗೆದ್ವಿ! ಮ್ಯಾಂಚೆಸ್ಟರ್ ಸಿಟಿಯವ್ರನ್ನ 2-1ಕ್ಕೆ ಮಲಗಿಸಿದ್ವಿ!"

"ಅದಲ್ಲ. ಅದಕ್ಕೂ ಮೊದ್ಲು, ಟಾಟನ್‌ಹ್ಯಾಮ್ ಮೇಲೆ 4-0."

"ನಾಲ್ಕಾ? ಯಾವಾಗ?"

"ನಿಮ್ಮ ಹೆಣ್ಮಕ್ಕಳ ಟೀಮು ಕಣೋ. ಲೂಸಿಯಾ ಗಾರ್ಸಿಯಾ ಅಂತ ಫಾರ್ವರ್ಡು, ಒಬ್ಬಳೇ ಎರಡು ಗೋಲು ಹೊಡೆದ್ಲು. ನೀವು ಗೆದ್ದಿದ್ದು ನಿಮಗೇ ಗೊತ್ತಿಲ್ವಲ್ಲೋ!"

"ಅದು... ಅವರು ಬೇರೆ ಅಕ್ಕಾ."

"ಬೇರೆ ಅಂತ್ಲೇ 2005ರಾಗೆ ಆ ಟೀಮನ್ನ ಮುಚ್ಚಿದ್ರು. ಮತ್ತೆ ಕಟ್ಟಿದ್ದು 2018ಕ್ಕೆ. ಅಷ್ಟು ವರ್ಷದಾಗೆ ಒಂದ್ಸಲನಾದ್ರೂ 'ನಾವು ಮುಚ್ಚಿದ್ವಿ' ಅಂತ ಮಂಡಕ್ಕಿ ಬಿಟ್ಟಿದ್ಯಾ?"

ಕೊಟ್ರೇಶಿ ಮಂಡಕ್ಕಿ ಬಿಡೋ ಪೈಕಿಯಲ್ಲ. ತಿಪ್ಪಣ್ಣ ಲೆಕ್ಕಕ್ಕಿಳಿದ. "ಹೆಂಗಸರ ಫುಟ್ಬಾಲಿಗೆ ಜನ ಬರಲ್ಲಮ್ಮ. ಜನ ಇಲ್ದಿದ್ರೆ ದುಡ್ಡೆಲ್ಲಿಂದ?"

"1920ರ ಡಿಸೆಂಬರ್ 26. ಲಿವರ್‌ಪೂಲಿನ ಗುಡಿಸನ್ ಪಾರ್ಕು. ಪ್ರೆಸ್ಟನ್ ಕಾರ್ಖಾನೆ ಹೆಣ್ಮಕ್ಕಳ ಆಟಕ್ಕೆ 53,000 ಜನ. ಮುಂದಿನ ಡಿಸೆಂಬರಿಗೆ ಅಲ್ಲಿನ ಫುಟ್ಬಾಲ್ ಸಂಘದೋರು ಹೆಂಗಸರಿಗೆ ಮೈದಾನನೇ ಕೊಡಬಾರದು ಅಂತ ಠರಾವು ಮಾಡಿದ್ರು. ಜನ ಬರಲ್ಲ ಅಂತಲ್ಲ ತಿಪ್ಪಣ್ಣ, ಬಂದ್ರು ಅಂತ."

"ಅದು ಇಂಗ್ಲೆಂಡಾಯ್ತು. ನಮ್ಮೋರು?"

"ಬಾಲಾದೇವಿ. ಮಣಿಪುರ. ಪೊಲೀಸ್ ಕೆಲಸ."

"ಸರ್ಕಾರಿ ನೌಕರಿ!" ತಿಪ್ಪಣ್ಣನ ಮುಖ ಅರಳಿತು. "ಪೆನ್ಷನ್ ಹೆಂಗೆ?"

"ಪೆನ್ಷನ್ ನಿಮಗಿರ್ಲಿ. 2020ರ ಜನವರಿಗೆ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬು ಹದಿನೆಂಟು ತಿಂಗಳಿಗೆ ಕರಾರು ಮಾಡ್ಕೊಂತು. ಹತ್ತನೇ ನಂಬರಿನ ಜೆರ್ಸಿ. ಹೋಗಿ ಸುಧಾರಿಸ್ಕೊಳ್ಳೋದ್ರಾಗೆ ಕೊರೊನಾ. ಮೊದಲ್ನೇ ಗೋಲು ಬಿದ್ದಿದ್ದು ಡಿಸೆಂಬರಿಗೆ, ಮದರ್‌ವೆಲ್ ಮೇಲೆ. ಅಷ್ಟೊತ್ತಿಗೆ ಮೂವತ್ತು ದಾಟಿತ್ತು."

"ಮೂವತ್ತಾ! ನಮ್ಮಲ್ಲಿ ಆ ವಯಸ್ಸಿಗೆ ಹೆಣ್ಮಕ್ಕಳು..."

"ಗೊತ್ತೈತಿ. ಆ ವಯಸ್ಸಿಗೆ ನಾನು ಎರಡನೇ ಮಗಳನ್ನ ಅಂಗನವಾಡಿಗೆ ಬಿಟ್ಟು ಬರ್ತಿದ್ದೆ. ಹೈಸ್ಕೂಲ್ ಮೈದಾನದ ಪಕ್ಕದ ದಾರಿ. ಹುಡುಗ್ರ ಬಾಲು ರಸ್ತೆಗೆ ಉರುಳಿ ನನ್ನ ಕಾಲ ಹತ್ರನೇ ನಿಲ್ಲೋದು. 'ಅಕ್ಕಾ, ಎತ್ತಿ ಕೊಡ್ರಿ' ಅನ್ನೋರು. 'ಒದೀರಿ' ಅಂತ ಒಬ್ಬನೂ ಅನ್ನಲಿಲ್ಲ."

ತಿಪ್ಪಣ್ಣ ಚುರುಮುರಿಯೊಳಗೆ ಶೇಂಗಾ ಹುಡುಕತೊಡಗಿದ. ಕೊಟ್ರೇಶಿನೇ ಮಾತು ತಿರುಗಿಸಿದ.

"ಅಕ್ಕಾ, ದೊಡ್ಡ ಟೀಮ್ ಮೇಲೆ ಆಡ್ಯಾರಾ ನಮ್ಮೋರು?"

"2021ರ ನವೆಂಬರ್‌ನಾಗೆ ಬ್ರೆಜಿಲ್ ಮೇಲೆ, ಅವರ ಊರಾಗೇ. ಪಂಜಾಬಿನ ಮನೀಷಾ ಕಲ್ಯಾಣ್ ಗೋಲು ಹೊಡೆದ್ಲು."

"ಬ್ರೆಜಿಲ್‌ಗಾ!" ಕೊಟ್ರೇಶಿ ಬೆಂಚಿಂದ ಎದ್ದೇಬಿಟ್ಟ. "ನಾವು ಬ್ರೆಜಿಲ್‌ಗೇ ಗೋಲು ಹೊಡೆದ್ವಾ! ಕೊನೆಗೇನಾಯ್ತು?"

"6-1."

"ಓ." ಕೂತ. "ಸೋತ್ರಾ ಅವರು."

"ನೋಡಿದ್ರಾ ತಿಪ್ಪಣ್ಣ? ಗೋಲು ನಾವು, ಸೋಲು ಅವರು. ಅಲ್ಲಲೇ, ಅದೇ ಹುಡುಗಿ ಮುಂದಿನ ವರ್ಷ ಸೈಪ್ರಸ್‌ನ ಅಪೊಲ್ಲೊನ್ ಸೇರಿ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದ್ಲು. ಹೆಣ್ಮಕ್ಕಳ ಆ ಲೀಗಿನಾಗೆ ಭಾರತದೋಳು ಅಂತ ಅವಳೇ ಮೊದಲು. ಅವಳ ಹೆಸರಿನ ಜೆರ್ಸಿ ನಮ್ಮೂರಾಗೆ ಯಾರ ಮೈಮೇಲಾದ್ರೂ ಐತೇನು?"

"ಸಿಗಲ್ಲಕ್ಕ ಅದು."

"ಕೇಳಿದ್ಯಾ?"

ಅವನು ಕೇಳಿರಲಿಲ್ಲ.

"ಹೋಗ್ಲಿ, 2025ರ ಜುಲೈನಾಗೆ ಥಾಯ್ಲೆಂಡ್‌ಗೇ ಹೋಗಿ ಅವರನ್ನ 2-1ಕ್ಕೆ ಹೊಡೆದು ಏಷ್ಯಾ ಕಪ್ಪಿಗೆ ಜಾಗ ಗಿಟ್ಟಿಸಿದ್ರು."

"ನಾವು ಗೆದ್ವಾ ಅಕ್ಕಾ?"

"ಬಾಯ್ಮುಚ್ಚು. ಮೊದ್ಲು ಬ್ರೆಜಿಲ್ ಹತ್ರ ಹೋಗಿ ಆರು ಗೋಲು ತಿಂದು ಬಾ. ಆಮೇಲೆ 'ನಾವು' ಅನ್ನು."

ಅಂಗಡಿಯವನು ಒರೆಸೋ ಬಟ್ಟೆ ಹೆಗಲಿಗೆ ಹಾಕ್ಕೊಂಡು ಬಂದ. "ಮೂರು ಮಂಡಕ್ಕಿ, ಎಂಟು ಮಿರ್ಚಿ. ಯಾರು ಕೊಡ್ತೀರಿ?"

"ಅವರು," ಅಂತ ಕೊಟ್ರೇಶಿ ತಿಪ್ಪಣ್ಣನ ಕಡೆ ಕೈ ತೋರಿಸಿದ.