ವಯಸ್ಸಾದ ಕುದುರೆಗೆ ಕುಶಿಂಗ್ಸ್ ಶಂಕೆ: ಪರೀಕ್ಷೆ, ಮೇವು, ಔಷಧ

ಪ್ರಶ್ನೆ (ಮೂಡಿಗೆರೆ)

ನಮ್ಮ ತೋಟದಲ್ಲಿ 22 ವರ್ಷದ ಕಾಠಿಯಾವಾಡಿ ಹೆಣ್ಣು ಕುದುರೆಯಿದೆ. ಬೇಸಿಗೆ ಬಂದರೂ ಅದರ ಕೂದಲು ಉದುರದೆ ಹೊಟ್ಟೆಯ ಕೆಳಗೆ ಸುರುಳಿಗಟ್ಟಿ ಉಳಿದಿದೆ. ಬೆನ್ನಿನ ಮಾಂಸ ಇಳಿದು ಮೂಳೆ ಎದ್ದು ಕಾಣುತ್ತಿದ್ದರೂ ಕುತ್ತಿಗೆಯ ಮೇಲಂಚಿನ ಕೊಬ್ಬು ಕರಗಿಲ್ಲ. ನೀರನ್ನು ವಿಪರೀತ ಕುಡಿಯುತ್ತದೆ, ಕಾಫಿ ಒಣಗಿಸುವ ಕಣದ ಮೇಲೆ ತಿರುಗುವಾಗ ಮುಂಗಾಲನ್ನು ಅಳುಕುತ್ತ ಊರುತ್ತದೆ. ಬೇಯಿಸಿದ ಹುರುಳಿ, ಗೋಧಿ ಬೂಸಾ, ನೇಪಿಯರ್ ಹುಲ್ಲು ಮತ್ತು ಸಂಜೆ ಒಂದು ಅಚ್ಚು ಬೆಲ್ಲ, ಇದು ಹಿಂದಿನಿಂದ ನಡೆದುಬಂದ ಕ್ರಮ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ದೋಷ, ಅಂದರೆ ಕುಶಿಂಗ್ಸ್ ಕಾಯಿಲೆ, ಇರಬಹುದೆಂದು ವೈದ್ಯರು ಹೇಳಿದ್ದಾರೆ. ಮೊದಲು ಏನು ಮಾಡಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಹಾಸನ, ಪಶುವೈದ್ಯ)

ಮೊದಲು ಗೊರಸನ್ನು ನೋಡಿಸಿ. ಗಟ್ಟಿ ನೆಲದ ಮೇಲೆ ತಿರುಗುವಾಗ ಅಳುಕುವುದು ಲ್ಯಾಮಿನೈಟಿಸ್‌ನ, ಅಂದರೆ ಗೊರಸಿನ ಒಳಪದರದ ಉರಿಯೂತದ, ಲಕ್ಷಣವಾಗಿರಬಹುದು. ಕುಶಿಂಗ್ಸ್‌ನಲ್ಲಿ ಕುದುರೆಯ ಜೀವಕ್ಕೆ ಎರವಾಗುವುದು ಬಹುಮಟ್ಟಿಗೆ ಅದೇ. ಇಂದೇ ಕಣದ ಓಡಾಟ ನಿಲ್ಲಿಸಿ, ಲಾಯದಲ್ಲಿ ಮರದ ಹೊಟ್ಟನ್ನು ದಪ್ಪಗೆ ಹಾಸಿ, ಎಕ್ಸ್‌ರೇ ನೋಡಿಯೇ ಗೊರಸು ಕತ್ತರಿಸಲು ಹೇಳಿ.

ನೀವು ಬರೆದಿರುವುದರಲ್ಲಿ ಎರಡು ದೋಷಗಳು ಬೆರೆತಂತಿವೆ. ವಯಸ್ಸಾದಂತೆ ಪಿಟ್ಯುಟರಿಯ ಮಧ್ಯಭಾಗವನ್ನು ಹಿಡಿತದಲ್ಲಿಡುವ ಡೋಪಮೈನ್ ನರಗಳು ಸವೆದು, ಆ ಭಾಗ ಬೆಳೆದು ಎಸಿಟಿಎಚ್ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತದೆ. ಉದುರದ ಕೂದಲು, ಇಳಿದ ಬೆನ್ನು, ಅತಿ ಬಾಯಾರಿಕೆ ಇದರ ಕಡೆಗೇ ಬೆರಳು ಮಾಡುತ್ತವೆ. ಕುತ್ತಿಗೆಯ ಕೊಬ್ಬು ಇನ್ಸುಲಿನ್ ಹತೋಟಿ ತಪ್ಪಿರುವುದರ ಸೂಚನೆಯಾಗಿದ್ದು, ಇಂತಹ ಕುದುರೆಗಳ ಗೊರಸನ್ನು ಕೆಡಿಸುವುದು ಮುಖ್ಯವಾಗಿ ಏರಿದ ಇನ್ಸುಲಿನ್ನೇ. ಆದ್ದರಿಂದ ಎರಡನ್ನೂ ಅಳೆಯಿಸಿ. ಎಸಿಟಿಎಚ್‌ಗೆ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ತೆಗೆದು, ತಣ್ಣಗಿಟ್ಟು, ಅದೇ ದಿನ ಪ್ಲಾಸ್ಮಾ ಬೇರ್ಪಡಿಸಬೇಕು. ಐಸ್ ಇಲ್ಲದೆ ಬಸ್ಸಿನಲ್ಲಿ ಕಳಿಸಿದ ಮಾದರಿಯ ಅಂಕಿಯನ್ನು ನಂಬಬೇಡಿ. ತೀವ್ರ ನೋವಿನಲ್ಲಿರುವಾಗಲೂ ಅಂಕಿ ಸುಳ್ಳೇ ಏರುತ್ತದೆ. ಎಸಿಟಿಎಚ್‌ನ ಸಹಜ ಮಟ್ಟ ಋತುವಿನೊಂದಿಗೆ ಏರಿಳಿಯುತ್ತದೆ, ಆದರೆ ಅದರ ತಿಂಗಳುವಾರು ಮಿತಿಗಳ ಪಟ್ಟಿಗಳು ಹೆಚ್ಚಾಗಿ ಸಮಭಾಜಕದಿಂದ ದೂರದ ದೇಶಗಳಲ್ಲಿ ಸಿದ್ಧವಾದವು. ಹಗಲಿನ ಅವಧಿ ಅಷ್ಟಾಗಿ ಬದಲಾಗದ ನಮ್ಮಲ್ಲಿ ಅವನ್ನು ಎಚ್ಚರಿಕೆಯಿಂದ ಓದಬೇಕು.

ಔಷಧ ಪರ್ಗೊಲೈಡ್, ಅದು ಡೋಪಮೈನ್‌ನ ಕೆಲಸವನ್ನು ಮಾಡುತ್ತದೆ. ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 2 ಮೈಕ್ರೋಗ್ರಾಂನಿಂದ ಶುರುಮಾಡುತ್ತಾರೆ, ಅಂದರೆ 350 ಕಿಲೋ ಕುದುರೆಗೆ ಸುಮಾರು 0.7 ಮಿಲಿಗ್ರಾಂ. ಮೇವು ಬಿಟ್ಟರೆ ಪ್ರಮಾಣ ಇಳಿಸಿ ನಿಧಾನವಾಗಿ ಏರಿಸಬೇಕಾಗುತ್ತದೆ. ಅದು ಗುಣಪಡಿಸುವುದಿಲ್ಲ, ಜೀವನಪರ್ಯಂತ ಕೊಡಬೇಕು.

ಉತ್ತರ (ಸಕಲೇಶಪುರ)

ಬೆಲ್ಲವನ್ನು ಇಂದೇ ನಿಲ್ಲಿಸಿ. ಅದಕ್ಕೆ ವರದಿ ಬರಬೇಕಾಗಿಲ್ಲ. ಹುರುಳಿಯಲ್ಲೂ ಪಿಷ್ಟ ಕಡಿಮೆಯಿಲ್ಲ. ಆದರೆ ಬೂಸಾ ಮತ್ತು ನೇಪಿಯರ್ ಜೋಡಿಯನ್ನು ನಮ್ಮ ಕಡೆ ಯಾರೂ ಅನುಮಾನಿಸುವುದಿಲ್ಲ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಎಂಬ ಲವಣ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೂಸಾದ ರಂಜಕ ಆ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹಸುವಿನ ಹೊಟ್ಟೆ ತಡೆದುಕೊಂಡದ್ದನ್ನು ಕುದುರೆಯ ಮೂಳೆ ತಡೆಯದು.

ರೋಡ್ಸ್ ಹುಲ್ಲಿನ ಒಣಮೇವು ಸಿಕ್ಕರೆ ಒಳ್ಳೆಯದು. ಅದನ್ನು ಒಂದು ಗಂಟೆ ತಣ್ಣೀರಿನಲ್ಲಿ ನೆನೆಸಿ, ಕಂದು ಬಣ್ಣಕ್ಕೆ ತಿರುಗಿದ ನೀರನ್ನು ಚೆಲ್ಲಿ ಹಾಕಿದರೆ ಸಕ್ಕರೆಯ ಒಂದಂಶ ಹೋಗುತ್ತದೆ. ಖನಿಜಗಳೂ ಸ್ವಲ್ಪ ಹೋಗುವುದರಿಂದ ಖನಿಜ ಮಿಶ್ರಣ ಬೇಕು. ಬೆನ್ನು ಇಳಿದಿರುವ ಕುದುರೆಯನ್ನು ಕೊಬ್ಬು ಕರಗಿಸಲೆಂದು ಉಪವಾಸ ಕೆಡವಬೇಡಿ. ಶಕ್ತಿಗೆ ಎಣ್ಣೆಯನ್ನು, ಮಾಂಸಕ್ಕೆ ಸೋಯಾ ಹಿಂಡಿಯನ್ನು ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಬಹುದು. ಭತ್ತದ ಹುಲ್ಲನ್ನೇ ನೆಚ್ಚಿಕೊಳ್ಳುವುದು ಬೇಡ, ಸವೆದ ಹಲ್ಲಿನ ಕುದುರೆಗೆ ಅದು ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಹಲ್ಲನ್ನೂ ಈ ನೆಪದಲ್ಲೇ ನೋಡಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಬೆಲ್ಲ ನಿಲ್ಲಿಸಿದ್ದೇನೆ. ಮಳೆಗಾಲದಲ್ಲಿ ಈ ಕೂದಲಿನ ಅಡಿಯ ಚರ್ಮ ಪ್ರತಿ ಸಲ ಹುಣ್ಣಾಗುತ್ತದೆ, ಆಗ ಸ್ಟೆರಾಯ್ಡ್ ಚುಚ್ಚುಮದ್ದು ಕೊಡಿಸುತ್ತಿದ್ದೆವು. ಅದನ್ನು ಮುಂದುವರಿಸಬಹುದೇ?

ಉತ್ತರ (ಹಾಸನ, ಪಶುವೈದ್ಯ)

ಬೇಡ. ಸ್ಟೆರಾಯ್ಡ್ ಇನ್ಸುಲಿನ್ನನ್ನು ಏರಿಸುವುದರಿಂದ ಇಂತಹ ಕುದುರೆಗೆ ಲ್ಯಾಮಿನೈಟಿಸ್‌ನ ಅಪಾಯ ಹೆಚ್ಚು. ಮುಂದೆ ಯಾವ ವೈದ್ಯರು ಬಂದರೂ ಈ ಶಂಕೆಯನ್ನು ಮೊದಲೇ ತಿಳಿಸಿ. ಜೂನ್‌ಗೆ ಮುಂಚೆ ಯಂತ್ರದಿಂದ ಮೈಕೂದಲನ್ನು ಪೂರ್ತಿ ಕತ್ತರಿಸಿಬಿಡಿ. ರೋಗನಿರೋಧಕ ಶಕ್ತಿ ಕುಂದಿರುವ ಕುದುರೆಗೆ ಚರ್ಮದ ಸೋಂಕು ಬೇಗ ತಗಲುತ್ತದೆ, ಜಂತುಗಳೂ ಅಷ್ಟೆ, ಹಾಗಾಗಿ ಲದ್ದಿಯ ಪರೀಕ್ಷೆಯನ್ನೂ ರಕ್ತದ ಜೊತೆಗೇ ಮಾಡಿಸಿ.