ಗಿದ್ಯೋನನ ಹಾಗೆ ನಾನೂ ಗುರುತು ಕೇಳಬಹುದಾ?

ಅಂಗಡಿಯವನು:
ನಮ್ಮ ಚರ್ಚಿನ ಸಭೆಯಲ್ಲಿ ಖಜಾಂಚಿ ಆಗು ಅಂತ ಎಲ್ಲರೂ ಬೆನ್ನು ಹತ್ತಿದ್ದಾರೆ. ನನ್ನದು ಕಿರಾಣಿ ಅಂಗಡಿ, ಮೈಕ್ ಹಿಡಿದರೆ ಕೈ ನಡುಗುತ್ತದೆ. ಬೇಡ ಅಂದರೆ "ಇಸ್ರಾಯೇಲರನ್ನು ಬಿಡಿಸಲು ದೇವರು ಕರೆದಾಗ ಮೋಶೆಯೂ ಹೀಗೇ ನೆಪ ಹೇಳಿದ" ಅಂತ ಬಾಯಿ ಮುಚ್ಚಿಸುತ್ತಾರೆ. ನನಗೆ ಇಷ್ಟವಾಗುವವನು ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದಲ್ಲಿ ಬರುವ ಇಸ್ರಾಯೇಲಿನ ನಾಯಕ ಗಿದ್ಯೋನ. ಶತ್ರುಗಳಾದ ಮಿದ್ಯಾನ್ಯರು ದೋಚಿಕೊಂಡು ಹೋಗುತ್ತಾರೆ ಅಂತ ಹೆದರಿ, ಬಯಲಿನ ಕಣ ಬಿಟ್ಟು ದ್ರಾಕ್ಷೆ ತುಳಿಯುವ ತೊಟ್ಟಿಯಲ್ಲಿ ಕದ್ದುಮುಚ್ಚಿ ಗೋಧಿ ಬಡಿಯುತ್ತಿದ್ದ. ಅಂಥವನನ್ನು ದೂತ ಬಂದು ಪರಾಕ್ರಮಶಾಲಿ ಅಂತ ಕರೆಯುತ್ತಾನೆ! ಆಮೇಲೆ ಅವನು ಕುರಿಯ ಉಣ್ಣೆ ಹಾಸಿ, ಒಮ್ಮೆ ಉಣ್ಣೆ ಮಾತ್ರ ಮಂಜಿನಿಂದ ನೆನೆಯಲಿ, ಇನ್ನೊಮ್ಮೆ ನೆಲ ಮಾತ್ರ ನೆನೆಯಲಿ ಅಂತ ದೇವರ ಹತ್ತಿರ ಎರಡು ಸಲ ಗುರುತು ಕೇಳಿದ. ನಾನೂ ಕೇಳಿದರೆ ತಪ್ಪಾ?

ಗದಗಿನವಳು:
ಮೋಶೆಯ ಹೆಸರು ಹೇಳಿ ಹೆದರಿಸುವವರಿಗೆ ಬೈಬಲಿನ ವಿಮೋಚನಕಾಂಡ 3, 4ನೇ ಅಧ್ಯಾಯ ಇನ್ನೊಮ್ಮೆ ಓದಲು ಹೇಳಿ. ನಾನೆಷ್ಟರವನು, ನಿನ್ನ ಹೆಸರೇನೆಂದು ಹೇಳಲಿ, ಜನ ನಂಬದಿದ್ದರೆ, ನನಗೆ ಮಾತು ಬರುವುದಿಲ್ಲ ಅಂತ ಒಂದರ ಮೇಲೊಂದು ಕೇಳುತ್ತಾನೆ, ಎಲ್ಲದಕ್ಕೂ ಉತ್ತರ ಸಿಗುತ್ತದೆ. ದೇವರಿಗೆ ಸಿಟ್ಟು ಬಂದದ್ದು "ಬೇರೆ ಯಾರನ್ನಾದರೂ ಕಳಿಸು" ಅಂದಾಗ ಮಾತ್ರ. ಆಗಲೂ ಬಯ್ದು ಬಿಡಲಿಲ್ಲ, ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ಇನ್ನೊಂದು ಗಮನಿಸಿದ್ದೀರಾ? "ನಾನೆಷ್ಟರವನು" ಅಂದದ್ದಕ್ಕೆ "ನೀನು ದೊಡ್ಡವನಪ್ಪ" ಅಂತ ಹೊಗಳಲಿಲ್ಲ. "ನಾನು ನಿನ್ನ ಸಂಗಡ ಇರುತ್ತೇನೆ" ಅಂದ, ಅಷ್ಟೇ.

ಹಳೇಮೈಸೂರು:
ಎಲ್ಲ ಸರಿ, ಆದರೆ ಮೋಶೆಯನ್ನು ಕರೆದದ್ದು ಉರಿಯುವ ಪೊದೆಯಿಂದ, ಕಮಿಟಿ ಮೀಟಿಂಗಿನಿಂದ ಅಲ್ಲ. ಯಾರೂ ಮುಂದೆ ಬರದ ಕೆಲಸವನ್ನು ಸುಮ್ನಿರುವವನ ತಲೆಗೆ ಕಟ್ಟಿ ಅದಕ್ಕೆ ದೇವರ ಕರೆ ಅನ್ನುವುದು ಜಾಸ್ತಿಯಾಗಿದೆ. ತೆಕೋವ ಊರಿನ ಪ್ರವಾದಿ ಆಮೋಸನನ್ನು ನೋಡಿ. ಕುರಿ ಕಾಯುತ್ತಾ ಅತ್ತಿಹಣ್ಣಿನ ಕೆಲಸ ಮಾಡಿಕೊಂಡಿದ್ದವನು ದೇವಾಲಯವಿದ್ದ ಬೇತೇಲಿಗೆ ಹೋಗಿ ಅರಸನ ವಿರುದ್ಧ ಮಾತಾಡಿದ. ಅಲ್ಲಿನ ಯಾಜಕ ಅಮಚ್ಯ, ನಿನ್ನ ಊರಿಗೆ ಹೋಗಿ ಹೊಟ್ಟೆ ಹೊರೆದುಕೋ ಅಂತ ಗದರಿಸಿದ. ಅಂದರೆ ದೇವಾಲಯದವರಿಗೇ ಅವನು ಬೇಡವಾಗಿದ್ದ!

ಒಗ್ಗರಣೆ:
ಉಣ್ಣೆಯ ವಿಷಯ ಹೇಳುತ್ತೇನೆ. ಗಿದ್ಯೋನನಿಗೆ ಮಾಡಬೇಕಾದದ್ದು ಮೊದಲೇ ಗೊತ್ತಿತ್ತು, ಧೈರ್ಯ ಸಾಲದೆ ಕೇಳಿದ. ಅದನ್ನು ಮಾದರಿ ಅಂತ ಎಲ್ಲೂ ಹೇಳಿಲ್ಲ, ಆದರೆ ದೇವರು ಕೇಳಿದ ಹಾಗೇ ಮಾಡಿಕೊಟ್ಟ. ಅದಕ್ಕಿಂತ ಮುಂಚಿನ ಕೆಲಸ ನನಗೆ ಇಷ್ಟ. ಬಾಳ ಅನ್ನುವ ಅನ್ಯದೇವರಿಗೆ ಅಪ್ಪನೇ ಇಟ್ಟುಕೊಂಡಿದ್ದ ಯಜ್ಞವೇದಿ ಕೆಡವಬೇಕಿತ್ತು, ಮನೆಯವರಿಗೂ ಊರವರಿಗೂ ಹೆದರಿ ಹತ್ತು ಆಳುಗಳನ್ನು ಕರೆದುಕೊಂಡು ರಾತ್ರಿ ಹೋಗಿ ಕೆಡವಿದ. ಹೆದರಿಕೊಂಡೇ ಮಾಡಿದ, ನೋಡಿ. ಯುದ್ಧಕ್ಕೆ ಬಂದ 32,000 ಜನರಲ್ಲಿ ದೇವರು 300 ಮಂದಿಯನ್ನು ಮಾತ್ರ ಉಳಿಸಿಕೊಂಡು ಗೆಲ್ಲಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಜನ ಮರೆಯುವುದು ಅದರ ನಂತರದ್ದನ್ನು. ಅರಸನಾಗು ಅಂದರೆ ಒಲ್ಲೆ ಅಂದವನು, ಕೊಳ್ಳೆಯಲ್ಲಿ ಸಿಕ್ಕ ಮುರುವು (ಓಲೆ) ಕೇಳಿ ಪಡೆದ. ಆ ಕಾಲದ ತೂಕದಲ್ಲಿ 1,700 ಶೆಕೆಲ್ ಚಿನ್ನ! ಅದರಿಂದ ಎಫೋದು (ಯಾಜಕರು ತೊಡುವಂಥ ಉಡುಪು) ಮಾಡಿ ತನ್ನ ಊರು ಒಫ್ರದಲ್ಲಿ ಇಟ್ಟ, ಇಸ್ರಾಯೇಲೆಲ್ಲ ಅದನ್ನೇ ಪೂಜಿಸತೊಡಗಿತು. ಖಜಾಂಚಿ ಆಗುವವರು ಓದಬೇಕಾದದ್ದು ನ್ಯಾಯಸ್ಥಾಪಕರು 8.

ಅಂಗಡಿಯವನು:
ಉಣ್ಣೆ ಬೇಡ ಬಿಡಿ. ಮೋಶೆಗೆ ಕೊಟ್ಟ ಹಾಗೆ ನನಗೂ ಒಬ್ಬ ಆರೋನ ಬೇಕು ಅಂತ ಕೇಳುತ್ತೇನೆ. ಲೆಕ್ಕ ನಾನು ಬರೆಯುತ್ತೇನೆ, ಎದ್ದು ನಿಂತು ಓದುವವರು ಬೇರೆ ಇರಲಿ. ಇದಕ್ಕೆ ಒಪ್ಪಿದರೆ ನಾನೂ ಒಪ್ಪುತ್ತೇನೆ.

ಹಳೇಮೈಸೂರು:
ಒಳ್ಳೇದು. ಆದರೆ ಜನರ ಓಲೆ ಬಿಚ್ಚಿಸಿ ಪೂಜೆಗೆ ಚಿನ್ನದ ಕರು ಮಾಡಿದ್ದು ಅದೇ ಆರೋನ ಅಲ್ವಾ? ಚೆಕ್ಕಿಗೆ ಇಬ್ಬರ ಸಹಿ ಇರಲಿ.