ಪದಚರ್ಚೆ: ಹಾರರ್ ಗೇಮಿನ ಹೆದರಿಕೆಗೆ ‘ಅಳುಕು’ ಅನ್ನಬಹುದೇ?

ಗೆಳೆಯರೇ,

ಹಾರರ್ ಗೇಮ್‌ಗಳ (ಹೆದರಿಸಲೆಂದೇ ಮಾಡಿದ ವಿಡಿಯೋ ಗೇಮ್‌ಗಳ) ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಪುಸ್ತಕ, ಸಿನಿಮಾ, ಗೇಮ್ ಮೂರಕ್ಕೂ ‘ಭಯ’ ಅಂದು ಮುಗಿಸಲು ಆಗುತ್ತಿಲ್ಲ. ಬೆಂಗಳೂರಿನಲ್ಲಿ ನಾವು ಸುಮ್ನೆ ‘ದೆವ್ವದ ಸಿನಿಮಾ’ ಅಂದುಬಿಡುತ್ತೇವೆ. ಆದರೆ ಎಷ್ಟೋ ಹಾರರ್ ಗೇಮ್‌ಗಳಲ್ಲಿ ದೆವ್ವವೇ ಇರುವುದಿಲ್ಲ. ನಾಟ್ಯಶಾಸ್ತ್ರದ ರಸಗಳಲ್ಲಿ ‘ಭಯಾನಕ’ ಇದೆ, ಪಕ್ಕದಲ್ಲೇ ಜುಗುಪ್ಸೆಯ ‘ಬೀಭತ್ಸ’ವೂ ಇದೆ. ಅವೆರಡೂ ಕೂತು ನೋಡುವವರಿಗೆ ಸರಿ. ಆಡುವವರ ಪಾಡು ಬೇರೆ.

ಸಿನಿಮಾದಲ್ಲಿ ಬಾಗಿಲು ಯಾವಾಗ ತೆರೆಯಬೇಕು ಅನ್ನುವುದು ಎಡಿಟರ್ ಕೈಯಲ್ಲಿದೆ. ನಾವು ಬೆಚ್ಚಿಬೀಳುತ್ತೇವೆ. ಕಣ್ಣು ಮುಚ್ಚಿಕೊಂಡರೂ ಕಥೆ ಸಾಗುತ್ತದೆ. ಪುಸ್ತಕದ್ದು ನಿಧಾನವಾಗಿ ಏರುವ ದಿಗಿಲು, ಬೇಡವಾದರೆ ಮುಚ್ಚಿಡಬಹುದು. ಗೇಮಿನಲ್ಲಿ ನಾವೇ ಬಟನ್ ಒತ್ತಬೇಕು. 1996ರ ರೆಸಿಡೆಂಟ್ ಈವಿಲ್ ಅನ್ನುವ ಗೇಮಿನಲ್ಲಿ ಕೋಣೆಯಿಂದ ಕೋಣೆಗೆ ಹೋಗುವಾಗ ಪರದೆ ತುಂಬ ಒಂದು ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತದೆ. ಮುಂದಿನ ಕೋಣೆ ಡಿಸ್ಕ್‌ನಿಂದ ಲೋಡ್ ಆಗುವುದನ್ನು ಮರೆಮಾಚಲು ಮಾಡಿದ ಉಪಾಯ ಅದು. ಆದರೆ ಆಡುವವರಿಗೆ ಎದೆ ಢವಢವ! 1999ರ ಸೈಲೆಂಟ್ ಹಿಲ್‌ನ ಮಂಜೂ ಹಾಗೆಯೇ, ದೂರದ ಬೀದಿಗಳನ್ನು ತೋರಿಸಲು ಪ್ಲೇಸ್ಟೇಷನ್ ಅನ್ನುವ ಗೇಮ್ ಯಂತ್ರಕ್ಕೆ ತಾಕತ್ತು ಸಾಲದೆ ಕವಿದದ್ದು. 2010ರ ಅಮ್ನೀಶಿಯಾದಲ್ಲಂತೂ ಕೈಗೆ ಆಯುಧವನ್ನೇ ಕೊಡುವುದಿಲ್ಲ. ಓಡಬೇಕು, ಇಲ್ಲವೇ ಅಡಗಬೇಕು.

1990ರ ದಶಕದಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿ ವಾಪಸ್ ಹೋಗಲಿ ಅಂತ ಇಲ್ಲಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು, ಅಲ್ವಾ? ಅಲ್ಲಿ ಬಾಗಿಲು ತೆರೆಯದಿದ್ದರೆ ಬಚಾವ್. ಗೇಮಿನಲ್ಲಿ ತೆರೆಯದಿದ್ದರೆ ಆಟವೇ ನಿಂತುಹೋಗುತ್ತದೆ.

ಬಟನ್ ಮೇಲೆ ಬೆರಳಿಟ್ಟು ಒತ್ತದೆ ಕೂರುವ ಈ ಹೆದರಿಕೆಗೆ ‘ಅಳುಕು’ ಹೊಂದುತ್ತದೆ ಅನ್ನಿಸುತ್ತಿದೆ. ‘ಅಂಜದೆ ಅಳುಕದೆ ಒಳಗೆ ಹೋದ’ ಅನ್ನುವಾಗ ಹೆದರಿಕೆಯ ಜೊತೆ ಹೆಜ್ಜೆ ಇಡುವ, ಇಡದಿರುವ ಮಾತೂ ಇರುತ್ತದೆ. ‘ದಿಗಿಲು’, ‘ಗಾಬರಿ’ಗಳಲ್ಲಿ ಅದಿಲ್ಲ.

ತೊಡಕು ಒಂದಿದೆ. ತಪ್ಪು ಮಾಡಿದವರ ಮನಸ್ಸಿನ ಕಸಿವಿಸಿಗೂ ಇಲ್ಲಿ ‘ಅಳುಕು’ ಅನ್ನುತ್ತೇವೆ. ಹಾಗಾಗಿ ‘ಅಳುಕು ಹುಟ್ಟಿಸುವ ಗೇಮ್’ ಅಂತ ಬರೆದರೆ ಓದುವವರಿಗೆ ಯಾವ ಅರ್ಥ ಮೊದಲು ಹೊಳೆಯುತ್ತದೆ? ಧಾರವಾಡ, ಮಂಗಳೂರು ಕಡೆಯವರು ಈ ಪದವನ್ನು ಮಾತಿನಲ್ಲಿ ಬಳಸುತ್ತೀರಾ, ಅಥವಾ ಬರಹದಲ್ಲಿ ಮಾತ್ರವೇ? ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆ ಇದ್ದರೆ ಒಂದು ಬಳಕೆಯ ಸಮೇತ ತಿಳಿಸಿ. ‘ಹಾರರ್’ ಅನ್ನುವುದನ್ನು ಮಾತ್ರ ಹಾಗೇ ಇಟ್ಟುಕೊಳ್ಳುತ್ತೇನೆ, ಅದನ್ನು ಬದಲಿಸುವ ಹಟ ನನಗಿಲ್ಲ.